ಜಾಲಿ ಮೋಟು ಮತ್ತು ಟ್ರಾಕ್ಟರಿನ ಹೊಟ್ಟೆ

ಹೊಸ ಟ್ರಾಕ್ಟರ್ ಬಂದರೆ ಜನ ಅದರ ಮುಂದೆ ತೆಂಗಿನಕಾಯಿ ಒಡೆದು ಮೂತಿಗೆ ಹೂವಿನ ಹಾರ ಹಾಕುತ್ತಾರೆ. ನಾನು ಮೊದಲು ಬಗ್ಗಿ ಅದರ ಹೊಟ್ಟೆ ನೋಡುತ್ತೇನೆ. ಈ ವಯಸ್ಸಿನಲ್ಲಿ ಬಗ್ಗುವುದು ಸುಲಭವಲ್ಲ, ಆದರೂ ನೋಡುತ್ತೇನೆ.

ಕಳೆದ ತಿಂಗಳು ಸಿರುಗುಪ್ಪದ ಮಗಳ ಮನೆಗೆ ಹೋಗಿದ್ದೆ. ಅಳಿಯ ಕಾಲುವೆ ದಂಡೆಯ ಜಾಲಿ ಕತ್ತರಿಸಿ ಬಂದು ತನ್ನ ಸಣ್ಣ ಟ್ರಾಕ್ಟರನ್ನು ಅಂಗಳದಲ್ಲಿ ನಿಲ್ಲಿಸಿದ್ದ. ಕೈ ತೊಳೆಯಲು ಹೊರಗೆ ಬಂದವನು ನಾನು ಅಲ್ಲೇ ನಿಂತುಬಿಟ್ಟೆ. ಬಿಸಿ ಎಣ್ಣೆಯೂ ಕರಕಲಾದ ಜಾಲಿ ಎಲೆಯೂ ಸೇರಿದ ವಾಸನೆ. ಗೋಣಿಚೀಲ ಹಾಸಿ ಮಲಗಿ, ಎಂಜಿನ್ನಿನ ಕೆಳಗಿನ ಕಾಪಿನ ತಗಡಿನೊಳಗೆ ಕೈ ಹಾಕಿದೆ. ಒಂದು ಹಿಡಿ ಒಣ ಎಲೆ ಬಂತು. ಇನ್ನೂ ಬೆಚ್ಚಗಿತ್ತು.

"ಏಳ್ರಿ ಮಾವ, ಅದೆಲ್ಲ ನಿಮಗ್ಯಾಕ" ಎಂದ ಅಳಿಯ.

ಎದ್ದೆ. ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ಅದನ್ನು ಬಿಚ್ಚಿ ಕೊಡವಬೇಕೆಂದು ಅವನಿಗೆ ಹೇಳಿದೆ. ಆಗಲಿ ಎಂದ. ಮಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಊಟ ಮಾಡಿ ಮಲಗಿದಾಗಲೂ ಆ ವಾಸನೆ ಕೈಯಲ್ಲೇ ಇತ್ತು.

ಆ ವಾಸನೆ ನನಗೆ ಮೊದಲು ಅಂಟಿದ್ದು ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ. ಬಳ್ಳಾರಿ ಯಾವ ರಾಜ್ಯಕ್ಕೆ ಸೇರುತ್ತದೆ ಎಂದು ಬ್ರೂಸ್‌ಪೇಟೆಯ ಅಂಗಡಿ ಕಟ್ಟೆಗಳ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಜಗಳ ನಡೆಯುತ್ತಿತ್ತು. ನಾನು ಯುದ್ಧದ ವರ್ಷಗಳನ್ನು ಸೈನ್ಯದ ಮೋಟಾರು ಕಾರ್ಖಾನೆಯಲ್ಲಿ ಕಳೆದು ಊರಿಗೆ ಮರಳಿದ್ದೆ. ಅಲ್ಲಿ ಕಲಿತದ್ದು ಎರಡೇ. ಬೆಳಿಗ್ಗೆ ಗಾಡಿ ಚಾಲು ಮಾಡುವ ಮೊದಲು ಅದರ ಸುತ್ತ ಒಂದು ಸಲ ತಿರುಗಿ ನೋಡುವುದು, ಸಂಜೆ ನಿಲ್ಲಿಸಿದ ಮೇಲೆ ಕೆಳಗೆ ಮಲಗಿ ನೋಡುವುದು. ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವಿನ ಒಂದು ಹಳ್ಳಿಯ ಪಂಪನಗೌಡರು ಮದ್ರಾಸಿನಿಂದ ಒಂದು ಸಣ್ಣ ಟ್ರಾಕ್ಟರ್ ತರಿಸಿದ್ದರು. ಅದನ್ನು ನಡೆಸಲು ನನ್ನನ್ನು ಕರೆದರು. ಮುಂದೆ ಕಾಲುವೆ ನೀರು ಬರುತ್ತದೆ, ಅಷ್ಟರೊಳಗೆ ಜಾಲಿ ಬೆಳೆದು ಪಾಳು ಬಿದ್ದ ಹೊಲಗಳನ್ನೆಲ್ಲ ಹಸನು ಮಾಡಿಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ.

ಬೂದು ಬಣ್ಣದ ಗಾಡಿ. ಪೆಟ್ರೋಲಿನಲ್ಲಿ ಚಾಲು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಹಿಂಬದಿಗೆ ಗರಗರ ತಿರುಗುವ ದಪ್ಪ ಅಲಗು. ದಪ್ಪ ಕಾಂಡದ ಜಾಲಿಯನ್ನು ಮೊದಲು ಹೆಂಗಸರು ಕೊಡಲಿಯಿಂದ ಕಡಿಯುತ್ತಿದ್ದರು. ಕಡಿದ ಕಟ್ಟಿಗೆಯೇ ಅವರ ಕೂಲಿ. ಉಳಿದ ಸಣ್ಣ ಪೊದೆಯ ಮೇಲೆ ನಾನು ಗಾಡಿ ಹಾಯಿಸಬೇಕು. ಮುಂಭಾಗ ಪೊದೆಯನ್ನು ಮೆಟ್ಟಿ ಬಗ್ಗಿಸುತ್ತದೆ, ಹಿಂದೆ ಬರುವ ಅಲಗು ಕತ್ತರಿಸುತ್ತದೆ. ಎಂದರೆ ಏನೇ ಪೆಟ್ಟಿದ್ದರೂ ಅಲಗಿಗಿಂತ ಮೊದಲು ಬೀಳುವುದು ಗಾಡಿಯ ಹೊಟ್ಟೆಗೆ. ಅಲ್ಲಿ ಎಂಜಿನ್ನಿನ ಎಣ್ಣೆ ತುಂಬಿದ ಚೇಂಬರ್ ಇರುತ್ತದೆ, ಸೀಮೆಎಣ್ಣೆಯ ಕೊಳವೆ ಇರುತ್ತದೆ. ತಯಾರು ಮಾಡಿದವರು ಹುಲ್ಲುಗಾವಲು ನೋಡಿದ್ದರೇ ಹೊರತು ನಮ್ಮ ಜಾಲಿ ನೋಡಿರಲಿಲ್ಲ. ಹೊಟ್ಟೆಯ ಕೆಳಗೆ ಯಾವ ಮರೆಯೂ ಇರಲಿಲ್ಲ.

ಮೊದಲ ವಾರವೇ ಆಗಬೇಕಾದದ್ದು ಆಯಿತು. ಹುಲ್ಲಿನೊಳಗೆ ಅಡಗಿದ್ದ, ಕಡಿದ ಜಾಲಿಯ ಒಂದು ಮೋಟು ಚೇಂಬರಿನ ತಳಕ್ಕೆ ಈಟಿಯಂತೆ ನುಗ್ಗಿತು. ಸದ್ದು ಕೇಳಿಸಲಿಲ್ಲ, ವಾಸನೆ ಬಂತು. ಎಂಜಿನ್ ನಿಲ್ಲಿಸಿ ಇಳಿದಾಗ ಎರೆಮಣ್ಣು ಎಣ್ಣೆಯನ್ನೆಲ್ಲ ಕುಡಿದುಬಿಟ್ಟಿತ್ತು. ಇನ್ನೊಂದು ಸಾಲು ಹೋಗಿದ್ದರೆ ಎಂಜಿನ್ ಸುಟ್ಟು ಹಿಡಿದುಕೊಳ್ಳುತ್ತಿತ್ತು. ಚೇಂಬರ್ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯಲ್ಲಿ ಬೆಸುಗೆ ಹಾಕುವ ಉಸ್ತಾದರೊಬ್ಬರು ತೂತಿನೊಳಗೆ ಬೆರಳಾಡಿಸಿ, ಯಾರ ಜೊತೆ ಯುದ್ಧ ಮಾಡಿ ಬಂದೆ ಎಂದು ಕೇಳಿದರು. ಬೆಸುಗೆ ಆರುವವರೆಗೆ ಬೆಟ್ಟದ ಕೋಟೆಯನ್ನು ನೋಡುತ್ತ ಕೂತೆ. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಆ ಬೇಸಿಗೆಯಲ್ಲಿ ಅದೊಂದೇ ಸಲ.

ತಿರುಗಿ ಬಂದು ಆ ಮೋಟನ್ನು ಹುಡುಕಿ ನೋಡಿದೆ. ಒಂದು ಗೇಣು ಎತ್ತರ, ಓರೆಯಾಗಿ ಕಡಿದ ಬಾಯಿ, ತುದಿ ಚೂಪು. ಸುತ್ತಲೂ ನೋಡಿದರೆ ಎಲ್ಲ ಮೋಟುಗಳೂ ಹಾಗೆಯೇ ಇದ್ದವು. ಕೆಲವು ಮೂಡಲಕ್ಕೆ ಓರೆ, ಕೆಲವು ಪಡುವಲಕ್ಕೆ. ನೆಲಕ್ಕೆ ಸಮನಾಗಿ ಕಡಿಯಬಾರದೇ ಎಂದು ಹೆಂಗಸರ ಮುಂದಾಳು ಹುಲಿಗೆಮ್ಮನನ್ನು ಕೇಳಿದೆ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಗಂಡ ತೀರಿಕೊಂಡವಳು. ಅವಳು ಕೊಡಲಿ ಕೆಳಗಿಟ್ಟು ನನಗೆ ತಿಳಿಸಿ ಹೇಳಿದಳು. ಗೇಣು ಬಿಟ್ಟು ಕಡಿದರೆ ಮೋಟು ಮತ್ತೆ ಚಿಗುರುತ್ತದೆ. ಓರೆಯಾಗಿ ಕಡಿದರೆ ಮಳೆನೀರು ನಿಂತು ಕೊಳೆಯುವುದಿಲ್ಲ. ಓರೆ ಯಾವ ಕಡೆಗಿದೆ ಎಂಬುದು ಕಡಿದವಳ ಗುರುತು. ಈ ವರ್ಷ ಯಾರು ಕಡಿದರೋ ಮುಂದಿನ ವರ್ಷದ ಚಿಗುರು ಅವರದೇ, ಇನ್ನೊಬ್ಬಳು ಮುಟ್ಟುವಂತಿಲ್ಲ. ಹೊಲ ಯಾರದಾದರೂ ಇರಲಿ, ಮೋಟು ಮಾತ್ರ ಅವರದು. ಕುರುಗೋಡು, ಸಿರುಗುಪ್ಪದ ಒಲೆಗಳು ಆ ಕಟ್ಟಿಗೆಯಿಂದ ಉರಿಯುತ್ತಿದ್ದವು. ಇವರ ಮನೆ ಅದರಿಂದ ನಡೆಯುತ್ತಿತ್ತು.

ಗೌಡರ ಹೊಲದಲ್ಲಿ ಇನ್ನು ಚಿಗುರುವ ಪ್ರಶ್ನೆಯೇ ಇಲ್ಲ, ಉಳುತ್ತಾರೆ ಎಂದು ಹೇಳಿದೆ. ಹೌದು ಹೌದು ಎಂದರು. ಮರುದಿನ ನೋಡಿದರೆ ಮತ್ತೆ ಗೇಣುದ್ದದ ಓರೆ ಮೋಟುಗಳು.

"ಏನ್ ಮಾಡೂದು ತಮ್ಮಾ, ಕೈ ತಾನಾಗೇ ಹಂಗ ಹೋಗತೈತಿ" ಎಂದಳು ಹುಲಿಗೆಮ್ಮ.

ಅವರ ಕೈ ಬದಲಾಗುವುದಿಲ್ಲ ಎಂದ ಮೇಲೆ ಗಾಡಿಯ ಹೊಟ್ಟೆಗೇ ಕಾಪು ಬೇಕಾಯಿತು. ಗೌಡರು ರಸ್ತೆ ಕೆಲಸದವರಿಂದ ಖಾಲಿ ಡಾಂಬರು ಪೀಪಾಯಿ ತರಿಸಿದರು. ಅದನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಹೊಟ್ಟೆಯ ಕೆಳಗೆ ಬಿಗಿದೆವು. ನೋಡಲು ಅಚ್ಚುಕಟ್ಟಾಗಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗಾಡಿಗೆ ಲಂಗೋಟಿ ಕಟ್ಟಿದ್ದಾರೆ ಎಂದು ಊರೆಲ್ಲ ಸುದ್ದಿಯಾಯಿತು. ಆ ಹೆಸರೇ ನಿಂತಿತು. ಕೊನೆಗೆ ಗೌಡರೂ ಬೆಳಿಗ್ಗೆ ಬಂದು, ಲಂಗೋಟಿ ಬಿಗಿ ಐತೇನಪ್ಪ ಎಂದೇ ಕೇಳುತ್ತಿದ್ದರು.

ಲಂಗೋಟಿ ಮೋಟನ್ನು ತಡೆಯಿತು. ಆದರೆ ಮೇಲಿನಿಂದ ಬಿದ್ದದ್ದನ್ನೂ ತಡೆಹಿಡಿಯಿತು. ಒಣ ಹುಲ್ಲು, ಜಾಲಿ ಎಲೆ, ಕಾಯಿಯ ಸಿಪ್ಪೆ ಎಲ್ಲವೂ ತಗಡಿಗೂ ಎಂಜಿನ್ನಿಗೂ ನಡುವೆ ತುಂಬಿಕೊಂಡು, ಜಿನುಗುವ ಎಣ್ಣೆಯಲ್ಲಿ ನೆನೆದು, ಹೊಗೆ ಕೊಳವೆಯ ಕಾವಿಗೆ ಒಂದು ಮಧ್ಯಾಹ್ನ ಹೊತ್ತಿಕೊಂಡಿತು. ಹತ್ತಿರದಲ್ಲಿ ಬಾವಿಯಿಲ್ಲ. ಹೆಂಗಸರು ಕುಡಿಯಲು ತಂದಿದ್ದ ನೀರಿನ ಕೊಡಗಳನ್ನೆಲ್ಲ ಎತ್ತಿ ಸುರಿದೆ. ಬೆಂಕಿ ಆರಿತು. ಆ ಉರಿಬಿಸಿಲಿನಲ್ಲಿ ಸಂಜೆಯವರೆಗೆ ಯಾರಿಗೂ ಗುಟುಕು ನೀರಿಲ್ಲ.

"ನಮ್ಮ ಬಾಯಾಗಿನ ನೀರು ನಿನ್ನ ಗಾಡಿ ಲಂಗೋಟಿಗೆ ಹಾಕಿದಿ. ಅದು ಏನ್ ದುಡದು ನಮಗ ಹಾಕತೈತಿ?" ಎಂದಳು ಹುಲಿಗೆಮ್ಮ. ಸಿಟ್ಟಿನಲ್ಲೇ ಹೇಳಿದಳು. ಮೈಲಿ ದೂರ ನಡೆದು ಮತ್ತೆ ಕೊಡ ಹೊತ್ತು ತಂದವಳೂ ಅವಳೇ. ಮೊದಲ ತಂಬಿಗೆ ನನಗೇ ಕೊಟ್ಟಳು.

ಅಂದು ಸಂಜೆ ಗಾಡಿಯ ನೆರಳಿನಲ್ಲಿ ಕೂತು, ಗಾಡಿ ಏನು ಹಾಕಬಹುದು ಎಂದು ಅವಳೇ ಹೇಳಿದಳು. ಊರ ತುದಿಗೆ ಅವಳ ಗಂಡನ ಪಾಲಿನ ಹೊಲವಿತ್ತು. ಅವನು ತೀರಿಕೊಂಡ ಮೇಲೆ ಉತ್ತವರಿಲ್ಲ. ಜಾಲಿ ತುಂಬಿತ್ತು. ಹೆಂಗಸರೆಲ್ಲ ವರ್ಷ ವರ್ಷ ಅಲ್ಲೇ ಕಟ್ಟಿಗೆ ಕಡಿಯುತ್ತಿದ್ದರು. ಕಾಲುವೆಯ ಗುರುತಿನ ಕಲ್ಲುಗಳು ಆ ಹೊಲದ ಬದುವಿನಲ್ಲಿ ಬಿದ್ದ ದಿನದಿಂದ ಅವಳ ಮೈದುನನಿಗೆ ಆ ಹೊಲದ ನೆನಪು ಬಂದಿತ್ತು. ಜಾಲಿ ಬೆಳೆದ ನೆಲ ಯಾರದೂ ಅಲ್ಲ, ಈ ಮುಂಗಾರಿಗೆ ನೀನು ಉಳದಿದ್ದರೆ ನಾನು ಎತ್ತು ಇಳಿಸುತ್ತೇನೆ ಎಂದು ಅವನು ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದ. ಒಂದು ಸಲ ಅವನ ನೇಗಿಲು ಹಾಯ್ದರೆ ಹೊಲ ಅವನದೇ ಆದಂತೆ. ಅವಳಲ್ಲಿ ಎತ್ತಿಲ್ಲ. ಎತ್ತಿದ್ದರೂ ಆ ಪೊದೆಯೊಳಗೆ ನೇಗಿಲು ಇಳಿಯುತ್ತಿರಲಿಲ್ಲ. ಗೌಡರ ಕೆಲಸ ಮುಗಿದ ಮೇಲೆ ಎರಡು ದಿನ ಗಾಡಿ ಕೊಡಿಸಬೇಕು ಎಂಬುದು ಅವಳ ಕೇಳಿಕೆ. ಗೌಡರು ಒಪ್ಪಿದರು. ಎರಡು ದಿನ ಮಾತ್ರ, ಮಳೆ ಬೀಳುವ ಮುಂಚೆ ಗಾಡಿ ಬೀಗರ ಊರಿಗೆ ಹೋಗಬೇಕು ಎಂದರು.

ಡಾಂಬರು ತಗಡನ್ನು ಬಿಚ್ಚಿ ಎಸೆದು ನಾನು ಕುರುಗೋಡಿನ ಕಮ್ಮಾರ ಮೌನೇಶಾಚಾರಿಯ ಬಳಿಗೆ ಹೋದೆ. ಬಂಡಿ ಗಾಲಿಗೆ ಸುತ್ತುವ ಕಬ್ಬಿಣದ ಪಟ್ಟಿಯ ಹಳೆಯ ತುಂಡುಗಳು ಅವನ ಕುಲುಮೆಯ ಹಿಂದೆ ರಾಶಿ ಬಿದ್ದಿದ್ದವು. ಅವನ್ನು ನೆಟ್ಟಗೆ ಮಾಡಿ, ನಡುವೆ ಎರಡು ಬೆರಳು ಸಂದು ಬಿಟ್ಟು, ಗಾಡಿಯ ಉದ್ದಕ್ಕೆ ಜೋಡಿಸಬೇಕು ಎಂದೆ. ಅಡ್ಡಕ್ಕೆ ಜೋಡಿಸಿದರೆ ಗಟ್ಟಿ ಎಂದು ಅವನು ಹಟ ಹಿಡಿದ. ಅಡ್ಡ ಪಟ್ಟಿಗೆ ಮೋಟು ತಗುಲಿ ನಿಲ್ಲುತ್ತದೆ, ಉದ್ದ ಪಟ್ಟಿಯ ಮೇಲೆ ಜಾರುತ್ತದೆ ಎಂದು ನಾನು ವಾದಿಸಿದೆ. ಇಬ್ಬರೂ ಸಾಕಷ್ಟು ಕೂಗಾಡಿ, ಕೊನೆಗೆ ಪಟ್ಟಿ ಉದ್ದಕ್ಕೇ ಇಟ್ಟೆವು. ಮುಂದಿನ ತುದಿಯನ್ನು ಮೇಲಕ್ಕೆ ಬಾಗಿಸುವುದು ಅವನ ಯೋಚನೆ, ಒಂದು ಪಕ್ಕಕ್ಕೆ ಕೀಲು ಇಟ್ಟು ಕದದ ಹಾಗೆ ತೆರೆಯುವಂತೆ ಮಾಡುವುದು ನನ್ನದು. ಇನ್ನೊಂದು ಪಕ್ಕಕ್ಕೆ ಎರಡು ಕಬ್ಬಿಣದ ಗೂಟ. ಗೂಟ ಎಳೆದರೆ ಕಾಪು ಕೆಳಗೆ ಬೀಳುತ್ತದೆ, ಕಸ ಉದುರುತ್ತದೆ.

ಆ ಮೇಲೆ ದಿನಗಳೆಲ್ಲ ಒಂದೇ ಆದವು. ಬೆಳಕು ಹರಿಯುವ ಮುಂಚೆ ಗಾಡಿಯ ಸುತ್ತ ತಿರುಗುವುದು, ಎಣ್ಣೆ ನೋಡುವುದು, ಗೂಟ ತಟ್ಟಿ ನೋಡುವುದು. ಬಿಸಿಲು ಏರುವವರೆಗೆ ಕಡಿತ. ಮಧ್ಯಾಹ್ನ ಗೂಟ ಎಳೆದು, ಬೆನ್ನ ಮೇಲೆ ಮಲಗಿ, ಸುಡುವ ಕಬ್ಬಿಣದ ಸಂದುಗಳಿಂದ ಮುಳ್ಳು ಕೀಳುವುದು. ಜೋಳದ ರೊಟ್ಟಿ, ಶೇಂಗಾ ಪುಡಿ, ಮಜ್ಜಿಗೆ. ಮತ್ತೆ ಕಡಿತ. ಸಂಜೆ ಮತ್ತೆ ಮಲಗುವುದು. ಗಾಲಿಯಿಂದ ಮುಳ್ಳು ಕಿತ್ತು ಕಿತ್ತು ಬೆರಳ ತುದಿಗಳಲ್ಲಿ ಕೀವು ತುಂಬಿತ್ತು. ಕಣ್ಣಲ್ಲಿ ಸದಾ ಮಣ್ಣು. ನಿದ್ದೆಯಲ್ಲೂ ಪಟ್ಟಿಯ ಮೇಲೆ ಮೋಟು ಕಿರ್ರೆಂದು ಜಾರುವುದು ಕೇಳುತ್ತಿತ್ತು. ಆ ಬೇಸಿಗೆಯನ್ನು ನೆನೆದರೆ ನನಗೆ ಈಗಲೂ ಮೊದಲು ಸೊಂಟ ನೋಯುತ್ತದೆ, ಉಳಿದದ್ದೆಲ್ಲ ಆಮೇಲೆ ನೆನಪಾಗುತ್ತದೆ. ಕಾಪು ಮಾತ್ರ ನಿಂತಿತು. ಗೌಡರ ಹೊಲಗಳು ಒಂದೊಂದಾಗಿ ಬೋಳಾದವು. ಪಟ್ಟಿಗಳು ಸವೆದು ತೆಳ್ಳಗಾದವು.

ಹುಲಿಗೆಮ್ಮನ ಹೊಲಕ್ಕೆ ಗಾಡಿ ಹೋದದ್ದು ಆಕಾಶ ಮೋಡ ಕಟ್ಟತೊಡಗಿದ ಮೇಲೆ. ಅಲ್ಲಿನ ಪೊದೆ ಎಲ್ಲಕ್ಕಿಂತ ದಟ್ಟ. ವರ್ಷ ವರ್ಷ ಕಡಿದು, ವರ್ಷ ವರ್ಷ ಚಿಗುರಿ, ಬುಡದ ಮೋಟುಗಳು ಗಾಡಿಯ ಹೊಟ್ಟೆಯಷ್ಟೇ ಎತ್ತರಕ್ಕೆ ಬಲಿತಿದ್ದವು. ಮೊದಲ ದಿನ ಸಂಜೆಗೆ ಅರ್ಧ ಹೊಲ ಮುಗಿದಿತ್ತು. ಆಗ ಕೀಲು ಮುರಿಯಿತು. ಕಾಪು ಒಂದು ಪಕ್ಕಕ್ಕೆ ಜೋತು, ನೆಲಕ್ಕೆ ಸಿಕ್ಕಿ, ಗಾಡಿ ಅದರ ಮೇಲೆಯೇ ಹಾಯ್ದು ಪಟ್ಟಿಗಳು ಬಳ್ಳಿಯಂತೆ ತಿರುಚಿಕೊಂಡವು. ಕುರುಗೋಡಿಗೆ ಒಯ್ದು ಸರಿಮಾಡಿಸಿ ತರುವುದರೊಳಗೆ ಗಾಡಿಯ ಗಡುವು ಮುಗಿದಿರುತ್ತಿತ್ತು. ಮೈದುನ ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಎದ್ದು ಧೋತರ ಕೊಡವಿಕೊಂಡು, ಎತ್ತಿಗೆ ಹೊಸ ಹಗ್ಗ ಹೊಸೆಯಬೇಕೆಂದು ಯಾರಿಗೋ ಹೇಳುವಂತೆ ಹೇಳಿ ಹೋದ.

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಬಂದು ನಿಂತರು. ನಾನು ಗಾಡಿಯ ಸುತ್ತ ತಿರುಗಿದೆ, ಎಣ್ಣೆ ನೋಡಿದೆ, ಆದರೆ ಚಾಲು ಮಾಡಲಿಲ್ಲ.

"ಕಾಪು ಇಲ್ಲದ ಗಾಡಿ ಇಳಿಸಾಕ ಆಗಂಗಿಲ್ಲಕ್ಕ" ಎಂದೆ. "ಒಂದು ಮೋಟು ಹೊಕ್ಕರ ಗಾಡಿ ಇಲ್ಲೇ ಸಾಯ್ತೈತಿ. ಹೊಲಾನೂ ಆಗಂಗಿಲ್ಲ."

ಹುಲಿಗೆಮ್ಮ ಉಳಿದ ಅರ್ಧ ಹೊಲವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಮೋಟು ಇಲ್ದಿದ್ರ ಇಳಸ್ತಿ?"

ಇಳಿಸುತ್ತೇನೆ, ಬರೀ ಚಿಗುರು ಹುಲ್ಲಿನಿಂದ ಹೊಟ್ಟೆಗೆ ಏನೂ ಆಗುವುದಿಲ್ಲ ಎಂದೆ. ಆದರೆ ಆ ಪೊದೆಯೊಳಗೆ ಮೋಟು ಎಲ್ಲೆಲ್ಲಿವೆ ಎಂದು ಯಾರು ಹುಡುಕಬೇಕು?

"ಹುಡುಕೂದೇನೈತಿ" ಎಂದಳು. "ಯಾರ್ಯಾರವು ಎಲ್ಲೆಲ್ಲಿ ಅದಾವು ಅವರವರಿಗೆ ಗೊತ್ತೈತಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ, ಕೊಡಲಿ ತೆಗೆದುಕೊಂಡು ಪೊದೆಯೊಳಗೆ ನುಗ್ಗಿದಳು. ಚಿಗುರನ್ನು ಕಾಲಿನಿಂದ ಒತ್ತಿ ಸರಿಸಿ, ಕಣ್ಣು ಮುಚ್ಚಿಕೊಂಡು ಹೋದಂತೆ ನೇರವಾಗಿ ತನ್ನ ಒಂದು ಮೋಟಿನ ಬಳಿಗೆ ಹೋದಳು. ಸುತ್ತ ಮಣ್ಣು ಅಗೆದು, ನೆಲದ ಒಂದು ಗೇಣು ಕೆಳಗೆ ಬೇರಿಗೆ ಕೊಡಲಿ ಹಾಕಿ ಕಿತ್ತು ಹೊರಗೆ ಎಸೆದಳು. ಹಾಗೆ ಕಿತ್ತರೆ ಮತ್ತೆ ಎಂದೂ ಚಿಗುರುವುದಿಲ್ಲ. ಆಮೇಲೆ ಎರಡನೆಯದು.

ಉಳಿದವರು ನಿಂತೇ ಇದ್ದರು. ಅವರಲ್ಲಿ ಹಿರಿಯಳು ಗಂಗಮ್ಮ. ಅವಳ ಮೋಟುಗಳು ಆ ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು.

"ಹೊಲ ನಿಂದಾತು ಹುಲಿಗಿ. ನಮ್ಮ ಒಲಿಗೆ ಏನ್ ಹಾಕಬೇಕು?" ಎಂದು ಕೇಳಿದಳು.

ಹುಲಿಗೆಮ್ಮ ಬೆನ್ನು ನೆಟ್ಟಗೆ ಮಾಡಿದಳು. ಬೆವರಿಗೆ ಕುಪ್ಪಸ ಅಂಟಿತ್ತು. ಹೊಲದ ಮೂಲೆಯಲ್ಲಿ ಒಂದು ಹಳೆಯ ಜಾಲಿ ಮರ ಹರಡಿ ನಿಂತಿತ್ತು. ಅದನ್ನು ಗುದ್ದಲಿಯ ತುದಿಯಿಂದ ತೋರಿಸಿದಳು.

"ಅದನ್ನ ಕಡಿಯಂಗಿಲ್ಲ. ಅದು ಎಲ್ಲಾರದು. ಒಣ ಕೊಂಬಿ ಮುರಕೊಳ್ಳಾಕ ಒಬ್ಬಾಕಿಗೆ ಒಂದು ದಿನ ಪಾಳಿ. ನಂದೂ ಒಂದು ಪಾಳಿ, ಹೆಚ್ಚಿಲ್ಲ. ಮಾತು ಕೊಟ್ಟೀನಿ."

ಗಂಗಮ್ಮ ಇನ್ನೂ ಸ್ವಲ್ಪ ಹೊತ್ತು ಗೊಣಗಿದಳು. ತನ್ನ ಅತ್ತೆಯ ಕಾಲದಿಂದ ಬಂದ ಮೋಟುಗಳಿವು ಎಂದಳು. ನನ್ನನ್ನೂ ನನ್ನ ಗಾಡಿಯನ್ನೂ ಬೈದಳು. ಬೈಯುತ್ತಲೇ ಗುದ್ದಲಿ ಎತ್ತಿಕೊಂಡು ತನ್ನವುಗಳ ಕಡೆಗೆ ನಡೆದಳು. ಅವಳ ಹಿಂದೆ ಉಳಿದವರು ಹೋದರು.

ಅವರು ಮುಂದೆ, ಗಾಡಿ ಹಿಂದೆ. ಒಂದು ಸಾಲು ಕಿತ್ತು ಮುಗಿಸಿ, ದಾರಿ ಐತಿ ಬಾ ಎಂದು ಕೈ ಮಾಡುತ್ತಿದ್ದರು. ನಾನು ನಡಿಗೆಯ ವೇಗದಲ್ಲಿ ಗಾಡಿ ಹಾಯಿಸುತ್ತಿದ್ದೆ. ಬರಿ ಹೊಟ್ಟೆಯ ಕೆಳಗೆ ಎಳೆ ಚಿಗುರು ಸವರಿಕೊಂಡು ಹೋಗುವ ಸದ್ದು ಮಾತ್ರ. ಮೋಟು ಕಿರ್ರೆನ್ನುವುದನ್ನೇ ಕಾದು ಕೂತ ಕಿವಿಗೆ ಆ ಮೆತ್ತನೆಯ ಸದ್ದಿನ ಮೇಲೆ ನಂಬಿಕೆ ಬರಲೇ ಇಲ್ಲ. ದಿನವೆಲ್ಲ ಹಲ್ಲು ಕಚ್ಚಿಕೊಂಡೇ ಇದ್ದೆ. ಮಧ್ಯಾಹ್ನ ಯಾರೂ ಊಟಕ್ಕೆ ಕೂರಲಿಲ್ಲ. ರೊಟ್ಟಿಯನ್ನು ಸುರುಳಿ ಸುತ್ತಿ ನಿಂತೇ ತಿಂದರು. ಹಿಂದಿನ ದಿನ ಕತ್ತರಿಸಿದ ಅರ್ಧದಲ್ಲಿ ಉಳಿದಿದ್ದ ಮೋಟುಗಳನ್ನೂ ಕಿತ್ತರು. ಗಾಳಿ ತಣ್ಣಗಾಗಿ ಮೋಡ ದೂರದಲ್ಲಿ ಗುಡುಗಿದಾಗ ಅಲಗು ಬಿಚ್ಚಿ ನೇಗಿಲು ಸಿಕ್ಕಿಸಿದೆ. ಹೊಲದ ಬದುವಿನ ಸುತ್ತ ಒಂದು ಸಲ, ಅದರೊಳಗೆ ಇನ್ನೊಂದು, ಮತ್ತೊಂದು. ಮೂಲೆಯ ಮರವನ್ನು ಸುತ್ತಿಕೊಂಡು ಹೋದೆ. ಕತ್ತಲಾಗುವ ಹೊತ್ತಿಗೆ ಹೊಲ ಪೂರ್ತಿ ಉತ್ತದ್ದಾಗಿರಲಿಲ್ಲ, ಆದರೆ ಯಾವ ಬದುವಿನಿಂದ ನೋಡಿದರೂ ಉತ್ತ ಸಾಲು ಕಾಣುತ್ತಿತ್ತು. ಅಂದಿನ ಸಂಜೆಯೂ ಕೆಳಗೆ ಮಲಗಿ ನೋಡಿದೆ. ಹೊಟ್ಟೆಗೆ ಒಂದು ಗೀರೂ ಇರಲಿಲ್ಲ.

ಮಳೆ ಎರಡು ದಿನ ಬಿಟ್ಟು ಬಂತು. ನಾನು ಆಗಲೇ ಗಾಡಿ ಸಮೇತ ಗೌಡರ ಬೀಗರ ಊರಿನಲ್ಲಿದ್ದೆ. ಮೈದುನ ಎತ್ತು ಹೊಡೆದುಕೊಂಡು ಹೊಲದವರೆಗೆ ಬಂದನಂತೆ. ಸಾಲಿನಲ್ಲಿ ನಿಂತ ನೀರನ್ನು ನೋಡಿ, ಎತ್ತಿಗೆ ನೀರು ಕುಡಿಸಲು ಬಂದವನ ಹಾಗೆ ಹಳ್ಳದ ಕಡೆಗೆ ತಿರುಗಿದನಂತೆ. ಇದನ್ನು ಹೇಳಿದವರು ಗೌಡರು. ಹೇಳುವಾಗ ನಕ್ಕರು.

ದೀಪಾವಳಿಯ ಹೊತ್ತಿಗೆ ಮತ್ತೆ ಆ ಊರಿಗೆ ಹೋದೆ. ಕೆಲಸವೇನೂ ಇರಲಿಲ್ಲ, ಬಳ್ಳಾರಿಯಲ್ಲಿ ಬೇರೆ ನೌಕರಿ ಸಿಕ್ಕಿತ್ತು, ಗೌಡರಿಗೆ ಹೇಳಿ ಹೋಗಲು ಬಂದಿದ್ದೆ. ಹುಲಿಗೆಮ್ಮನ ಹೊಲದಲ್ಲಿ ಮುಂಗಾರಿ ಜೋಳ ಕೊಯ್ದು ಕೂಳೆ ನಿಂತಿತ್ತು. ಅದೂ ಗೇಣುದ್ದ ಬಿಟ್ಟು, ಓರೆಯಾಗಿ ಕೊಯ್ದದ್ದು. ನೋಡಿ ನಗು ಬಂತು, ಅಷ್ಟೇ ಸುಸ್ತೂ ಆಯಿತು.

ಮನೆಗೆ ಹೋದರೆ ಕೂಡಿಸಿ ನೀರು ಕೊಟ್ಟಳು. ಹೊಸ ಜೋಳ ಬೀಸಿದ್ದಾಳೆ, ರೊಟ್ಟಿ ತಿಂದೇ ಹೋಗಬೇಕು ಎಂದಳು. ಹಿಟ್ಟು ಕಲಸಲು ಪರಾತ ತೆಗೆದವಳು ಒಲೆಯ ಕಡೆ ನೋಡಿ ನಿಂತಳು. ಕಿತ್ತ ಬೇರಿನ ಕಟ್ಟಿಗೆಯೆಲ್ಲ ಮಳೆಗಾಲಕ್ಕೇ ಮುಗಿದಿತ್ತು. ಒಲೆಯ ಪಕ್ಕ ಒಂದು ಕಡ್ಡಿಯೂ ಇರಲಿಲ್ಲ.

ಬಾಗಿಲಲ್ಲಿ ನಿಂತರೆ ಹೊಲದ ಮೂಲೆಯ ಜಾಲಿ ಮರ ಕಾಣುತ್ತಿತ್ತು. ಒಣ ಕೊಂಬೆ ಬೇಕಾದಷ್ಟಿದ್ದವು. ನಾನೇ ಹೋಗಿ ಒಂದು ಹಿಡಿ ಮುರಿದು ತರುತ್ತೇನೆ ಎಂದು ಎದ್ದೆ.

"ಕೂಡು ತಮ್ಮಾ" ಎಂದಳು. "ಇವತ್ತು ಗಂಗಮ್ಮನ ಪಾಳಿ."

ಹಿಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಬಾಗಿಲು ಎಳೆದು, ಅವಳು ಮುಂದೆ ನಾನು ಹಿಂದೆ, ಅಂದು ಒಲೆ ಉರಿಯುತ್ತಿದ್ದ ಗಂಗಮ್ಮನ ಮನೆಗೆ ನಡೆದೆವು.